ಜೊಂಡಿನ ತಿರುಳು

ಜುಲೈ ೮, ಬುಧವಾರ, ಬೆಳಗ್ಗೆ

ಪ್ರೀತಿಯ ಮೊಂಡನಿಗೆ,

ಮೊದಲು ಅಕ್ಕನ ಆಶೀರ್ವಾದ ತಗೋ, ಬೈಯೋದು ಆಮೇಲೆ ಬೈಯುವೆಯಂತೆ. ನಿನ್ನ ಮೂರು ಪತ್ರಕ್ಕೂ ಉತ್ತರ ಹಾಕಲಿಲ್ಲ. ಪುರುಸೊತ್ತು ಇರಲಿಲ್ಲ ಅಂದರೆ ನೀನೂ ನಂಬಲ್ಲ, ನಾನೂ ನಂಬಲ್ಲ. ನಿನ್ನ ಭಾವ ಚೆನ್ನಾಗಿದ್ದಾರೆ, ಅವರ ಗೊರಕೆ ಇನ್ನೂ ಚೆನ್ನಾಗಿದೆ.

ಇವತ್ತು ಹನ್ನೊಂದಕ್ಕೆ ನರ್ಸರಿಗೆ ಲಾರಿ ಬರುತ್ತೆ. ಕೆರೆಯ ಹೂಳೆತ್ತಿ ಆಯಿತು, ಅದರ ಅಂಚಿಗೆ ನೆಡೋಕೆ ನಮ್ಮ ಜೊಂಡು ಹೋಗಬೇಕು, ಸಾವಿರದಿನ್ನೂರು ಕುಂಡ. ಇಟ್ಟಿಗೆ ಗೂಡಿನ ಹಿಂದಿನ ಹಳ್ಳದಲ್ಲಿ ಸೊಂಟದ ತನಕ ಕೆಸರಿಗಿಳಿದು ನೀನು ತಂದಿದ್ದೆಯಲ್ಲ ಒಂದೇ ಒಂದು ಬುಡ, ಇವೆಲ್ಲ ಅದರ ಬೀಜದವು. ಆ ಬುಡ ಸತ್ತಿತು, ಹಳ್ಳಕ್ಕೂ ಮಣ್ಣು ತುಂಬಿದರು. ಇನ್ನು ಆ ಜಾತಿ ಉಳಿದಿರೋದು ಈ ಕುಂಡಗಳಲ್ಲೇ.

ನಿನ್ನೆ ನೀರು ಹಾಕುವಾಗ ಒಂದು ಕುಂಡದ ಜೊಂಡು ಯಾಕೋ ವಿಪರೀತ ಹೊಳೆಯುತ್ತಿತ್ತು. ಉಗುರಲ್ಲಿ ಕಡ್ಡಿ ಸೀಳಿದೆ. ನಮ್ಮದರ ತಿರುಳು ಏಣಿ ಮೆಟ್ಟಿಲಿನ ಹಾಗೆ ಬಿಟ್ಟು ಬಿಟ್ಟು ಇರುತ್ತೆ ಅಂತ ನೀನೇ ತೋರಿಸಿದ್ದು. ಇದರಲ್ಲಿ ಬುಡದಿಂದ ತುದಿವರೆಗೂ ತುಂಬಿಕೊಂಡಿತ್ತು. ಅಲಂಕಾರಕ್ಕೆ ಅಂತ ಮಾರುತ್ತೇವಲ್ಲ, ಆ ಹೊರಗಿನ ಜೊಂಡು! ಮೂವತ್ತು ಸೀಳಿದೆ, ಹನ್ನೊಂದು ಅದೇ. ಅದು ಕೆರೆಗೆ ಇಳಿದರೆ ನಾಲ್ಕು ಮಳೆಗಾಲದಲ್ಲಿ ನಮ್ಮದನ್ನು ನುಂಗಿ ನೀರು ಕುಡಿಯುತ್ತೆ.

ನರ್ಸರಿ ಯಜಮಾನರಿಗೆ ಹೇಳಿದೆ. “ಹಸಿರಾಗಿದ್ದರೆ ಸಾಕಲ್ಲಮ್ಮ, ಕೆರೆಗೇನು ಗೊತ್ತಾಗುತ್ತೆ?” ಅಂದರು. “ನನಗೆ ಗೊತ್ತಾಗುತ್ತಲ್ಲ ಸಾರ್” ಅಂದೆ. ಕೆಂಡಾಮಂಡಲ ಆದರು. “ಎರಡು ವರ್ಷದ ಹಿಂದೆ ಬೀಜ ಬೆರೆತಿದೆ ಅಂತ ನಿನ್ನ ತಮ್ಮ ಕೂಗಾಡಿದ. ಬೆರೆತಿಲ್ಲ, ಅವನದ್ದು ಬರೀ ತಲೆಹರಟೆ ಅಂತ ಎಲ್ಲರೆದುರು ಹೇಳಿದ್ದು ನೀನು. ನಿನ್ನ ಮಾತು ಕೇಳಿ ಅವನನ್ನು ಕೆಲಸದಿಂದ ತೆಗೆದೆ. ಈಗ ಹೀಗಂತೀಯ?”

ಆದರೆ ಗೇಟಿನ ಬೀಗದ ಕೈ ನನ್ನ ಹತ್ತಿರ ಇದೆ. ಪ್ರತಿ ಕುಂಡದಿಂದಲೂ ಒಂದು ಕಡ್ಡಿ ಸೀಳಿ ನೋಡದೆ ಲಾರಿ ಒಳಗೆ ಬಿಡಲ್ಲ ಅಂತ ಕೂತಿದ್ದೇನೆ. ಈಗ ಗಂಟೆ ಎಂಟೂವರೆ. ಕಾಗದ ತೊಡೆ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ನೋಡು, ಕಾಗೆ ಕಾಲು ಗುಬ್ಬಿ ಕಾಲು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನಿರುವ ಕಡೆ ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ

ಇನ್ನೊಂದು ಮಾತು. ಮರೆತಿದ್ದಲ್ಲ, ಬರೆಯೋಕೆ ಧೈರ್ಯ ಸಾಲಲಿಲ್ಲ. ಎರಡು ವರ್ಷದ ಹಿಂದೆ ಆವತ್ತು ನಮ್ಮದರ ಬೀಜ, ಹೊರಗಿನದರ ಬೀಜ ಎರಡೂ ಒಂದೇ ಮೇಜಿನ ಮೇಲೆ ಬೇರೆ ಬೇರೆ ತಟ್ಟೆಯಲ್ಲಿ ಒಣಗುತ್ತಿದ್ದವು. ನಶ್ಯದಂಥ ಬೀಜ, ಸೀನಿದರೂ ಹಾರುತ್ತೆ. ಸೆಕೆ ತಡೆಯಲಾರದೆ ಫ್ಯಾನ್ ಹಾಕಿದ್ದು ನಾನು. ಹಾರಿದ್ದನ್ನು ಕೈಯಲ್ಲಿ ಬಳಿದು ಮತ್ತೆ ತಟ್ಟೆಗೆ ಹಾಕಿದ್ದೂ ನಾನೇ. ನನ್ನ ಕೆಲಸ ಹೋಗುತ್ತೆ ಅಂತ ನಿನ್ನ ಕೆಲಸ ಕಳೆದೆ. ಎರಡು ವರ್ಷ ಹೆದರಿ ಒಂದು ಕಡ್ಡಿಯನ್ನೂ ಸೀಳಿ ನೋಡಿರಲಿಲ್ಲ ಕಣೋ. ಯಜಮಾನರಿಗೆ ಇದನ್ನಿನ್ನೂ ಹೇಳಿಲ್ಲ. ಮೊದಲು ಈ ಕಾಗದ ಅಂಚೆ ಡಬ್ಬಕ್ಕೆ ಹಾಕಿ ಬಂದು ಅವರಿಗೆ ಹೇಳುತ್ತೇನೆ, ಆಮೇಲೆ ಮಾತು ತಿರುಗಿಸೋಕೆ ನನಗೆ ದಾರಿ ಇರಬಾರದು.