‘ಯಾರಿಗೂ ಗೊತ್ತಿರಲಿಲ್ಲ’ ಎಂದಿರಲ್ಲ, ನಮಗೆ ಗೊತ್ತಿತ್ತು

ಆಸ್ಟ್ರೇಲಿಯಾ ಸರ್ಕಾರದ ಮಾನ್ಯ ಆಡಳಿತಾಧಿಕಾರಿಗಳೇ,

ಯುದ್ಧ ಮುಗಿದು ವರ್ಷ ತುಂಬಿದ ನೆನಪಿಗೆ ಕಳೆದ ವಾರ ರಬೌಲ್‌ನ ಮೈದಾನದಲ್ಲಿ ತಾವು ಮಾಡಿದ ಭಾಷಣವನ್ನು ನಾನೂ ಕೇಳಿದೆ. ನಮ್ಮ ಚೀನೀ ಜನರಿಗೆ ಹಗ್ಗದ ಆಚೆ ನಿಲ್ಲಲು ಜಾಗ ಮಾಡಿಸಿದ್ದಿರಿ. ಧ್ವನಿವರ್ಧಕದ ಕೃಪೆಯಿಂದ ತಮ್ಮ ಮಾತು ಹಗ್ಗವನ್ನು ದಾಟಿ ಬಂತು. “ಈ ಮಹಾಯುದ್ಧ ಬರಸಿಡಿಲಿನಂತೆ ಎರಗಿತು, ಅದು ಈ ದ್ವೀಪದವರೆಗೂ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ” ಎಂದಿರಿ. ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ನನ್ನ ಮಗಳು ಫೊಂಗ್‌ಯೀ ನನ್ನ ಕಿವಿಯಲ್ಲಿ, “ಅಮ್ಮಾ, ಇವರು ಎಲ್ಲಿದ್ರಂತೆ ಆಗ?” ಎಂದು ಕೇಳಿದಳು.

ಮಾನ್ಯರೇ, ತಾವು ಹೇಳಿದ್ದು ಸುಳ್ಳು. ನಮಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ತಮ್ಮ ಕಚೇರಿಗೆ ಹೇಳಿದ್ದೆವು. ಹೇಳಿದ್ದಕ್ಕೆ ಬೈಸಿಕೊಂಡಿದ್ದೆವು. ಸಿಡಿಲಿನ ಮೇಲೆ ತಪ್ಪು ಹೊರಿಸುವುದು ಸುಲಭ, ಸಿಡಿಲಿನ ಪರವಾಗಿ ವಾದಿಸಲು ಯಾರೂ ಬರುವುದಿಲ್ಲ. ಆದರೆ ಸತ್ತವರ ಪರವಾಗಿ ನಾನು ಬಂದಿದ್ದೇನೆ.

ನಾನು ಯುಂಗ್ ಸಾವ್‌ಹಾ. ದರ್ಜಿ ಮಾ ಕ್ವಾಕ್‌ಲಿಂಗ್ ಅವರ ಹೆಂಡತಿ, ಈಗ ವಿಧವೆ. ಚೀನೀ ಕೇರಿಯ ಮೂಲೆಯಲ್ಲಿ ನಮ್ಮ ಅಂಗಡಿಯಿತ್ತು. ತಮ್ಮ ಕಚೇರಿಯ ಹಿರಿಯರೆಲ್ಲ ತೊಡುತ್ತಿದ್ದ ಬಿಳಿಯ ಪೋಷಾಕು ನನ್ನ ಗಂಡನ ಕೈಯದು, ಅವರ ಹೆಂಡತಿಯರ ಗೌನುಗಳು ನನ್ನ ಕೈಯವು. ಅಳತೆ ಕೊಡುತ್ತ ನಿಂತ ಮನುಷ್ಯ ದರ್ಜಿಯ ಮುಂದೆ ಎಲ್ಲವನ್ನೂ ಮಾತಾಡುತ್ತಾನೆ, ಗೋಡೆಯ ಮುಂದೆ ಮಾತಾಡಿದ ಹಾಗೆ. ಜಗತ್ತಿನ ವಿದ್ಯಮಾನಗಳ ಬಗ್ಗೆ ತಮ್ಮವರ ಅಭಿಪ್ರಾಯ ಏನೆಂದು ನಮಗೆ ಹೀಗೆ ತಿಳಿಯುತ್ತಿತ್ತು. ಅಭಿಪ್ರಾಯ ಒಂದೇ: ‘ಅದೆಲ್ಲ ದೂರದ ಮಾತು.’

ದೂರದ ಮಾತು ನಮ್ಮ ಪಾಲಿಗೆ ದೂರವಿರಲಿಲ್ಲ. ಜಪಾನಿನ ಸೈನ್ಯ ಮಂಚೂರಿಯಾವನ್ನು ನುಂಗಿದ ಸುದ್ದಿ ಸಿಡ್ನಿಯ ಚೀನೀ ಪತ್ರಿಕೆಯಲ್ಲಿ ತಡವಾಗಿ ಬಂದಾಗಲೇ ನನ್ನ ಗಂಡ ಕತ್ತರಿ ಕೆಳಗಿಟ್ಟು, “ಇದು ಇಲ್ಲಿಗೆ ನಿಲ್ಲಲ್ಲ ಸಾವ್‌ಹಾ” ಎಂದಿದ್ದರು. ಅವರೊಬ್ಬರೇ ಅಲ್ಲ, ನಮ್ಮ ನೆರೆಯ ತಾಗುಚಿಯವರೂ ಅದನ್ನೇ ಹೇಳಿದ್ದರು. ತಾಗುಚಿ ಜಪಾನಿನವರು. ಕಡಲದಂಡೆಯಲ್ಲಿ ದೋಣಿ ಕಟ್ಟುತ್ತಿದ್ದರು, ಅವರ ದೋಣಿಗಳಿಗೆ ಹಾಯಿ ಹೊಲಿದುಕೊಡುತ್ತಿದ್ದವರು ನಾವು. ಒಂದು ಸಂಜೆ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತರು. ನಾನು ಚಹಾ ಕೊಟ್ಟೆ. ಆಮೇಲೆ ಹೇಳಿದರು.

“ಊರಲ್ಲಿ ನಮ್ಮಣ್ಣನ್ನ ಒಳಗೆ ಹಾಕಿದಾರೆ.”

“ಅಯ್ಯೋ, ಮೇಷ್ಟ್ರನ್ನಾ? ಏನ್ ಮಾಡಿದ್ರಂತೆ?”

“ಏನಿಲ್ಲ. ಸೈನ್ಯದವರು ಹೇಳೋದೆಲ್ಲ ನಿಜಾನೇ ಆಗಿರಬೇಕು ಅಂತೇನಿಲ್ಲ ಅಂತ ಮಕ್ಕಳಿಗೆ ಹೇಳಿದನಂತೆ. ಅಷ್ಟೇ.”

ನನ್ನ ಗಂಡ ಸಮಾಧಾನಕ್ಕೆಂದು, “ಒಂದು ದೋಣಿ ಬೇಗ ಕಟ್ರಿ, ಹೋಗಿ ಕರ್ಕೊಂಡು ಬಂದ್ಬಿಡೋಣ” ಎಂದು ನಗಿಸಲು ನೋಡಿದರು. ತಾಗುಚಿ ನಗಲಿಲ್ಲ.

“ಮೊದಲು ನಮ್ಮ ಬಾಯಿ ಹೊಲೀತಾರೆ ಮಾ ಅವರೇ. ಆಮೇಲೆ ನಿಮ್ಮೂರು ಸುಡ್ತಾರೆ. ಬೇಡ ಕಣ್ರೋ ಅನ್ನೋದಕ್ಕೆ ನಮ್ಮ ಕಡೆ ಒಬ್ಬನೂ ಉಳಿದಿರಲ್ಲ.”

ಮಾನ್ಯರೇ, ಸರ್ವಾಧಿಕಾರ ಹೇಗೆ ಮಹಾಯುದ್ಧವಾಗುತ್ತದೆಂದು ತಿಳಿಯಲು ತಮ್ಮವರು ಈಗ ಆಯೋಗ ನೇಮಿಸುತ್ತಾರಂತೆ. ಒಬ್ಬ ದೋಣಿಗಾರ ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಹೇಳಿ ಹೋದದ್ದು ಇದನ್ನೇ. ತನ್ನ ಮನೆಯವರನ್ನೇ ಹೆದರಿಸಿ ಬಾಯಿ ಮುಚ್ಚಿಸಿದವನಿಗೆ ಅಂಗಳದಾಚೆ ಯಾವ ಹೆದರಿಕೆ? ಮನೆಯವರು ಅನ್ನ ಕೇಳಿದಾಗ ಅವನು ಗಡಿ ತೋರಿಸುತ್ತಾನೆ. ಗಡಿ ದಾಟಿ ಗೆದ್ದು ಬಂದ ಮೇಲೆ ಮನೆಯವರು ಮತ್ತೆ ಅನ್ನ ಕೇಳುತ್ತಾರೆ. ಅವನು ಇನ್ನೊಂದು ಗಡಿ ತೋರಿಸಬೇಕಾಗುತ್ತದೆ. ನಿಂತರೆ ಬೀಳುವ ಸೈಕಲ್ ಅದು, ಓಡುತ್ತಲೇ ಇರಬೇಕು. ಅದಕ್ಕೆ ಅಡ್ಡ ನಿಲ್ಲಬೇಕಾದವರು ಏನು ಮಾಡಿದರು? ಮಂಚೂರಿಯಾ ಹೋದಾಗ ರಾಷ್ಟ್ರಗಳ ದೊಡ್ಡ ಸಭೆ ವಿಚಾರಣೆಗೆ ತಂಡ ಕಳಿಸಿತು. ವರದಿ ಬರುವ ಹೊತ್ತಿಗೆ ಹೋದದ್ದು ಹೋಗಿ ಆಗಿತ್ತು. ಬೈಸಿಕೊಂಡ ಜಪಾನಿನವರು ಸಭೆಯಿಂದ ಎದ್ದು ನಡೆದರು, ಬೈದವರು ಊಟಕ್ಕೆ ಎದ್ದರು. ಇದನ್ನು ರೋಮಿನಲ್ಲಿದ್ದವನು ನೋಡಿದ. ಇಥಿಯೋಪಿಯಾದ ಮೇಲೆ ಬಿದ್ದ. ಇಬ್ಬರನ್ನೂ ಬರ್ಲಿನ್ನಿನಲ್ಲಿದ್ದವನು ನೋಡಿದ. ಮೊದಲನೇ ಮನೆಗೆ ಕನ್ನ ಬಿದ್ದಾಗ ಇಡೀ ಕೇರಿ ದೀಪ ಆರಿಸಿ ಮಲಗಿದರೆ ಎರಡನೇ ಕಳ್ಳನಿಗೆ ಬೇರೆ ಆಮಂತ್ರಣ ಬೇಕೆ? ಕಳ್ಳರು ಒಬ್ಬರಿಗೊಬ್ಬರು ಬಂಧುಗಳಾದದ್ದು ಆಮೇಲೆ. ಅವರನ್ನು ಮೊದಲು ಒಟ್ಟುಗೂಡಿಸಿದ್ದು ನಮ್ಮ ನಿದ್ದೆ. ನಿದ್ದೆ ಎಂದರೂ ತಪ್ಪಾದೀತು. ಎಚ್ಚರವಿದ್ದೇ ವ್ಯಾಪಾರ ನಡೆಯುತ್ತಿತ್ತು. ಮೂವತ್ತೆಂಟರಲ್ಲಿ ತಮ್ಮ ದೇಶದ ಬಂದರೊಂದರಲ್ಲಿ, ಚೀನಾದ ಮೇಲೆ ಬಾಂಬು ಹಾಕುವವರಿಗೆ ಕಬ್ಬಿಣ ತುಂಬುವುದಿಲ್ಲ ಎಂದು ಹಮಾಲರು ಕೈ ಕಟ್ಟಿ ಕೂತಾಗ, ತಮ್ಮ ಸರ್ಕಾರ ಸಿಟ್ಟಾದದ್ದು ಬಾಂಬಿನವರ ಮೇಲಲ್ಲ, ಹಮಾಲರ ಮೇಲೆ.

ಅದೇ ವರ್ಷ ಚೀನಾದಲ್ಲಿ ನಮ್ಮ ಕ್ಯಾಂಟನ್ ನಗರದ ಮೇಲೆ ಜಪಾನಿನ ಬಾಂಬು ಬಿತ್ತು. ಮಾರುಕಟ್ಟೆಗೆ ಮೀನು ತರಲು ಹೋಗಿದ್ದ ನನ್ನ ತಂಗಿ ಮನೆಗೆ ಬರಲಿಲ್ಲ. ಪತ್ರಿಕೆಯಲ್ಲಿ ಬಂದಿದ್ದ ಆ ಬೀದಿಯ ಚಿತ್ರವನ್ನು ನನ್ನ ಗಂಡ ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದರು. ಕೆಳಗೆ ಬರೆದರು: ‘ಇವತ್ತು ಕ್ಯಾಂಟನ್. ನಾಳೆ ಯಾವ ಊರು?’ ಜಪಾನಿನ ಬಟ್ಟೆ ಹೊಲಿಯುವುದನ್ನೂ ನಿಲ್ಲಿಸಿದರು. ತಾಗುಚಿ ಬಂದು ಚಿತ್ರ ನೋಡಿದರು, ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತು ಹೋದರು. ಮಾರನೇ ದಿನ ತಮ್ಮ ಕಚೇರಿಯ ಪೆಂಬ್ರಿ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಗಟ್ಟಿಯಾಗಿ ಮಾತಾಡಿದವರಲ್ಲ.

“ಈ ಚಿತ್ರ ತೆಗೀಬೇಕಲ್ಲ ಮಾ.”

“ಯಾಕೆ ಸಾಹೇಬ್ರೇ, ಸುಳ್ಳಾ ಅದು?”

“ಸುಳ್ಳು ಅಂತಲ್ಲ. ಜಪಾನ್ ನಮ್ಮ ಸ್ನೇಹಿತ ದೇಶ. ಅವರ ಹಡಗು ಬರುತ್ತೆ, ಹೋಗುತ್ತೆ. ಹಡಗಿನೋರು ಈ ಬೀದೀಲಿ ಓಡಾಡ್ತಾರೆ. ನೋಡಿದ್ರೆ ಮುಜುಗರ ಆಗಲ್ವಾ?”

“ಊರು ಸುಟ್ಟೋರಿಗೆ ಅಷ್ಟೂ ಮುಜುಗರ ಆಗಬಾರದಾ?”

“ನೋಡು, ನಿಮ್ಮ ಜಗಳ ಇಲ್ಲಿಗೆ ತರಬೇಡ. ಸಾವಿರಾರು ಮೈಲಿ ದೂರದ್ದು ಅದು.”

“ಅಲ್ಲಿಂದ ನಾನು ಬಂದಿಲ್ವಾ ಸಾಹೇಬ್ರೇ? ನಾನು ಬಂದ ದಾರೀಲಿ ಅವರು ಬರಲ್ಲ ಅಂತ ಯಾರು ಹೇಳಿದ್ದು?”

ಪೆಂಬ್ರಿಯವರ ಮುಖ ಕೆಂಪಾಯಿತು. ಚಿತ್ರ ತೆಗೆಯದಿದ್ದರೆ ಇಲ್ಲಿ ಇರಲು ಕೊಟ್ಟ ಅನುಮತಿಯನ್ನೇ ಇನ್ನೊಮ್ಮೆ ನೋಡಬೇಕಾದೀತು ಎಂದರು. ನನ್ನ ಗಂಡ ಚಿತ್ರ ತೆಗೆದರು. ಗಾಜಿಗೆ ಅಂಟಿದ್ದ ಅಂಟನ್ನು ನಾನು ಬಿಸಿನೀರಿನಲ್ಲಿ ಉಜ್ಜಿ ತೊಳೆದೆ. ಹೀಗೆ, ಮಾನ್ಯರೇ, ‘ಯಾರಿಗೂ ಗೊತ್ತಿರದ’ ಹಾಗೆ ಮಾಡಲಾಯಿತು.

ಇನ್ನು ಸಾವಿರದ ಒಂಬೈನೂರ ನಲವತ್ತೊಂದರ ಡಿಸೆಂಬರ್. ಯುದ್ಧ ಪೆಸಿಫಿಕ್ಕಿಗೆ ಬಂದೇಬಿಟ್ಟಿತ್ತು. ಹೆಂಗಸರು ಮಕ್ಕಳನ್ನೆಲ್ಲ ಆಸ್ಟ್ರೇಲಿಯಾಕ್ಕೆ ಸಾಗಿಸಲು ಹಡಗು ಬರುತ್ತದೆಂದು ಸುದ್ದಿಯಾಯಿತು. ಶ್ರೀಮತಿ ಪೆಂಬ್ರಿ ಅಂಗಡಿಗೆ ಓಡಿಬಂದರು. ಮಕ್ಕಳು ಹೆಗಲಿಗೆ ಹಾಕಿಕೊಳ್ಳುವಂಥ ಗಟ್ಟಿ ಚೀಲಗಳು ಬೇಕು, ಬೀದಿಯ ಎಲ್ಲ ಮನೆಗಳಿಗೂ ಬೇಕು, ಹಡಗು ಬರುವುದರೊಳಗೆ ಬೇಕು. ತಾಗುಚಿಗೆಂದು ಇಟ್ಟಿದ್ದ ಹಾಯಿಬಟ್ಟೆಯನ್ನೆಲ್ಲ ಕತ್ತರಿಸಿದೆವು. ಆ ಹಾಯಿ ಅವರಿಗೆ ಇನ್ನು ಬೇಕಿರಲಿಲ್ಲ, ಯುದ್ಧ ಘೋಷಣೆಯಾದ ಕೂಡಲೇ ಅವರನ್ನು ಶತ್ರುವೆಂದು ಬಂಧಿಸಿ ಬೇರೊಂದು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿದ್ದಿರಿ. ನನ್ನ ಬೆರಳುಗಳ ತುದಿ ಒಡೆದು ರಕ್ತ ಬಂತು. ಪ್ರತಿ ಚೀಲದ ಮೇಲೂ ಮಗುವಿನ ಹೆಸರನ್ನು ಕೆಂಪು ದಾರದಲ್ಲಿ ಹೊಲಿದುಕೊಟ್ಟೆ. ಉಳಿದ ಬಟ್ಟೆಯಲ್ಲಿ ಫೊಂಗ್‌ಯೀಗೂ ಒಂದು ಮಾಡಿದೆ. ಆಗ ಅವಳಿಗೆ ಹದಿನಾಲ್ಕು ತುಂಬುತ್ತಿತ್ತು. ಒಳಗೆ ಎರಡು ಜೊತೆ ಬಟ್ಟೆ, ಒಣಮೀನು, ಅಜ್ಜಿಯ ಬಾಚಣಿಗೆ.

ಬಂದರಿನಲ್ಲಿ ಸಾಲು ನಿಂತಿತ್ತು. ನಾವೂ ನಿಂತೆವು. ನಮ್ಮ ಸರದಿ ಬಂದಾಗ ಕಾವಲಿನ ಅಧಿಕಾರಿ ಕೈ ಅಡ್ಡ ಹಿಡಿದ.

“ಎಲ್ಲಿಗಮ್ಮ?”

“ಹಡಗಿಗೆ. ಹೆಂಗಸರು ಮಕ್ಕಳು ಹೋಗಬೇಕು ಅಂದ್ರಲ್ಲ?”

“ಅದು ಯುರೋಪಿನೋರಿಗೆ. ನಿಮಗಲ್ಲ.”

ನನ್ನ ಗಂಡ ಮುಂದೆ ಬಂದರು. “ನನ್ನಾಕೆ ಬೇಡ ಸಾರ್. ನಾನೂ ಬೇಡ. ಈ ಹುಡುಗಿಯೊಬ್ಬಳನ್ನ ಹತ್ತಿಸ್ಕೊಳ್ಳಿ. ಜಪಾನಿನೋರು ಚೀನೀ ಹೆಣ್ಣುಮಕ್ಕಳಿಗೆ ಏನ್ ಮಾಡ್ತಾರೆ ಅಂತ ನಿಮಗೇನೂ ಗೊತ್ತಿಲ್ವಾ?”

“ಗೊತ್ತಿದೆಯಪ್ಪ. ಆದೇಶ ಇಲ್ಲ.”

ಹಡಗಿನ ಮೇಲೆ ನಾನು ಹೊಲಿದ ಚೀಲಗಳು ಸಾಲಾಗಿ ಕಾಣುತ್ತಿದ್ದವು. ಶ್ರೀಮತಿ ಪೆಂಬ್ರಿ ಕಟಕಟೆಯ ಬಳಿ ನಿಂತಿದ್ದರು. ನಾನು ಕೈಯೆತ್ತಿ ಕೂಗಿದೆ. ಅವರು ಮಕ್ಕಳ ಕಡೆ ತಿರುಗಿದರು. ಶತ್ರುವಿಗೆ ತಮ್ಮ ಹಡಗಿನಲ್ಲಿ ಜಾಗವಿತ್ತು, ಮಾನ್ಯರೇ. ತಮ್ಮ ಕಡೆಯವರಾದ ನಮಗಿರಲಿಲ್ಲ.

ಮುಂದಿನ ತಿಂಗಳು ಜಪಾನಿನ ಸೈನ್ಯ ಬಂದಿಳಿಯಿತು. ತಮ್ಮ ಸೈನಿಕರಿಗೆ ‘ಪ್ರತಿಯೊಬ್ಬನೂ ತನ್ನ ದಾರಿ ನೋಡಿಕೊಳ್ಳಲಿ’ ಎಂಬ ಆಜ್ಞೆಯಾಯಿತಂತೆ. ನಮಗೆ ಆ ಆಜ್ಞೆಯೂ ಇರಲಿಲ್ಲ, ದಾರಿಯೂ ಇರಲಿಲ್ಲ. ನಾನು ಮಗಳ ಜಡೆ ಕತ್ತರಿಸಿ, ಮುಖಕ್ಕೆ ಮಸಿ ಬಳಿದೆ. ಬೆಟ್ಟದ ಹಳ್ಳಿಯಿಂದ, ಈ ದ್ವೀಪದ ಮೂಲಜನರಾದ ತೊಲಾಯ್ ಕುಲದ ಹೆಂಗಸೊಬ್ಬಳು ಬಂದು, “ನನ್ನ ತೋಟದಲ್ಲಿರಲಿ, ನನ್ನ ಮಗಳು ಅಂತೀನಿ” ಎಂದು ಅವಳನ್ನು ಕರೆದೊಯ್ದಳು. ಅವಳಿಗೆ ಯಾವ ಆದೇಶವೂ ಬೇಕಾಗಲಿಲ್ಲ.

ಸೇನಾ ಪೊಲೀಸರು ನಮ್ಮ ಅಂಗಡಿಗೆ ಬಂದದ್ದು ಒಂದು ಬೆಳಿಗ್ಗೆ. ಅಂದು ಬೀದಿಯಲ್ಲಿ ಓಡಾಡುವಾಗ ಆ ಚಿತ್ರ ನೋಡಿ ಮುಜುಗರಪಟ್ಟಿದ್ದ ಜಪಾನಿನ ಹಡಗಿನವರು ಅದನ್ನು ಮರೆತಿರಲಿಲ್ಲ. ತಮ್ಮ ಕಚೇರಿಗಿಂತ ಅವರ ನೆನಪು ಚೆನ್ನಾಗಿತ್ತು.

“ಕ್ಯಾಂಟನ್ನಿನ ಚಿತ್ರ ಅಂಟಿಸಿದವನು ಯಾರು?” ಎಂದು ದುಭಾಷಿ ಕೇಳಿದ.

ನಾನು ಹಿಂದಿನಿಂದ ಗಂಡನ ಅಂಗಿ ಜಗ್ಗಿ, “ಗೊತ್ತಿಲ್ಲ ಅನ್ನಿ” ಎಂದು ಪಿಸುಗುಟ್ಟಿದೆ. ಅವರು ನನ್ನ ಕೈ ಬಿಡಿಸಿದರು.

“ಗೊತ್ತಿಲ್ಲ ಅಂದ್ರೆ ಪಕ್ಕದ ಮನೆಯೋನನ್ನ ಹಿಡೀತಾರೆ ಕಣೇ. ಬಿಡು.” ಪೊಲೀಸರ ಕಡೆ ತಿರುಗಿ, “ನಾನೇ” ಎಂದರು.

ಕರೆದೊಯ್ಯುವಾಗ ಅವರ ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಊರಾಚೆ ಗುಂಡಿಟ್ಟು ಕೊಂದರೆಂದು ಕೇಳಿದೆ. ದೇಹ ಕೊಡಲಿಲ್ಲ, ಜಾಗ ತೋರಿಸಲಿಲ್ಲ. ಪೆಂಬ್ರಿ ಸಾಹೇಬರೂ ಬದುಕಲಿಲ್ಲ. ಅವರನ್ನೂ ಇತರ ಬಿಳಿಯರನ್ನೂ ಸೆರೆಯಾಳುಗಳಾಗಿ ತುಂಬಿಕೊಂಡು ಹೊರಟ ಹಡಗು ಸಮುದ್ರದಲ್ಲಿ ಮುಳುಗಿತು. ದೂರದ್ದು ಎಂದವರ ಹತ್ತಿರಕ್ಕೇ ಯುದ್ಧ ಬಂದಿತ್ತು. ಇದನ್ನು ಬರೆಯುವಾಗ ನನಗೆ ಸಂತೋಷವಿಲ್ಲ. ಅವರ ಹೆಗಲಿನ ಅಳತೆ ನನಗೆ ಇವತ್ತಿಗೂ ನೆನಪಿದೆ.

ಉಳಿದ ನಾವೆಲ್ಲ ಜಪಾನಿನವರು ನಮ್ಮನ್ನು ಅಟ್ಟಿದ ಕಣಿವೆಯ ಶಿಬಿರದಲ್ಲಿ ಗೆಣಸು ಬೆಳೆದು, ತಮ್ಮ ವಿಮಾನಗಳ ಬಾಂಬಿನಿಂದಲೂ ತಪ್ಪಿಸಿಕೊಂಡು, ಯುದ್ಧ ಮುಗಿಯುವವರೆಗೆ ಬದುಕಿದೆವು. ಮಗಳು ಬೆಟ್ಟದಿಂದ ಇಳಿದು ಬಂದಳು. ಈಗ ಶಿಬಿರದ ಆಸ್ಪತ್ರೆಯಲ್ಲಿ ಗಾಯ ಕಟ್ಟುತ್ತಾಳೆ. ಬಂದರಿಗೆ ಮಾತ್ರ ಕಾಲಿಡುವುದಿಲ್ಲ. ತಾವು ಮರಳಿ ಬಂದಿರಿ, ಧ್ವಜ ಏರಿತು, ನಾವು ಓಡಿಬಂದು ಕುಣಿದೆವು. ತಮ್ಮ ಕಚೇರಿ ಮೊದಲು ಮಾಡಿದ ಕೆಲಸ, ನಾವು ‘ಪರಕೀಯರು’, ಇಲ್ಲಿರಲು ಮತ್ತೆ ಅನುಮತಿ ಪಡೆಯಬೇಕು ಎಂದು ತಿಳಿಸಿದ್ದು. ಜಪಾನಿನವರ ಕಣ್ಣಿಗೆ ನಾವು ಆಸ್ಟ್ರೇಲಿಯಾದ ಕಡೆಯವರಾಗಿದ್ದೆವು, ಅದಕ್ಕೇ ಕೊಂದರು. ತಮ್ಮ ಕಣ್ಣಿಗೆ ಮಾತ್ರ ಯಾವತ್ತೂ ಆಗಲಿಲ್ಲ.

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ತಮ್ಮ ಭಾಷಣದ ಮಾರನೇ ದಿನ ಶ್ರೀಮತಿ ಪೆಂಬ್ರಿ ನಮ್ಮ ಶಿಬಿರಕ್ಕೆ ಬಂದರು. ಗಂಡನ ಕುರುಹೇನಾದರೂ ಸಿಕ್ಕೀತೆಂದು ದ್ವೀಪಕ್ಕೆ ಮರಳಿದ್ದರಂತೆ. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿದ್ದೇ ಅಳತೊಡಗಿದರು. ಇಬ್ಬರು ವಿಧವೆಯರು ತಗಡಿನ ಮಾಡಿನ ಕೆಳಗೆ ಕೂತೆವು.

“ಮಗಳು ಹೇಗಿದಾಳೆ ಸಾವ್‌ಹಾ?”

“ಇದಾಳೆ ಮೇಡಂ. ನಿಮ್ಮ ಮಕ್ಕಳು?”

“ಚೆನ್ನಾಗಿದಾರೆ. ನೀ ಹೊಲಿದ ಚೀಲ ಇನ್ನೂ ಇಟ್ಕೊಂಡಿದಾರೆ.” ಕಣ್ಣೊರೆಸಿಕೊಂಡು ಹೇಳಿದರು: “ನಿಮ್ಮನ್ನ ಹತ್ತಿಸಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಇವರು ಮನೇಲಿ ಹೇಳಿದ್ರು.”

“ಚೀಲ ಹೊಲಿಯೋಕೆ ಹೇಳಿದಾಗ್ಲೇ ಗೊತ್ತಿತ್ತಾ?”

“ಹೂಂ.”

“ಮತ್ತೆ ಯಾಕೆ ಒಂದು ಮಾತು ಹೇಳಲಿಲ್ಲ? ನಮಗೂ ಒಂದು ಹಡಗು ಬರುತ್ತೆ ಅಂತ ಕೊನೇವರೆಗೂ ಕಾದ್ವಿ. ಗೊತ್ತಿದ್ರೆ ಬೆಟ್ಟಕ್ಕಾದ್ರೂ ಓಡಿಹೋಗ್ತಿದ್ವಲ್ಲ. ಅವರು ಬದುಕ್ತಿದ್ರಲ್ಲ ಮೇಡಂ!”

ಅವರು ತಲೆಯೆತ್ತಲಿಲ್ಲ. “ಹೇಳಿದ್ರೆ ನೀವು ಹೊಲೀತಿರಲಿಲ್ಲ.”

ನಾನು ಬೈಯಲಿಲ್ಲ. ಎದ್ದು ಅವರಿಗೆ ನೀರು ತಂದುಕೊಟ್ಟೆ. ಆದರೂ ಒಂದು ಮಾತು ಹೇಳಲೇಬೇಕು. ಆ ಹೆಂಗಸಿಗೆ ನಿಜ ಒಪ್ಪಿಕೊಳ್ಳುವ ಧೈರ್ಯವಿತ್ತು. ತಮ್ಮ ಕಚೇರಿಗೆ ಅಷ್ಟೂ ಇಲ್ಲ. ಮಂಚೂರಿಯಾದಿಂದ ರಬೌಲ್‌ವರೆಗೆ ನಡೆದದ್ದು ಇದೇ ಅಲ್ಲವೇ? ಗೊತ್ತಿದ್ದವರು ಗೊತ್ತಿಲ್ಲದವರ ಹಾಗಿದ್ದರು, ಏಕೆಂದರೆ ಹೇಳಿದರೆ ಕೆಲಸ ನಿಲ್ಲುತ್ತಿತ್ತು, ಕಬ್ಬಿಣದ ಹಡಗು ನಿಲ್ಲುತ್ತಿತ್ತು, ಹೊಲಿಗೆ ನಿಲ್ಲುತ್ತಿತ್ತು. ಸರ್ವಾಧಿಕಾರಿ ತನ್ನ ಜನರ ಬಾಯಿಯನ್ನು ಬಂದೂಕಿನಿಂದ ಮುಚ್ಚಿಸಿದ. ತಾವು ನಮ್ಮ ಬಾಯಿಯನ್ನು ಅನುಮತಿಪತ್ರ ತೋರಿಸಿ ಮುಚ್ಚಿಸಿದಿರಿ. ಎರಡು ಮೌನ ಕೂಡಿ ಒಂದು ಮಹಾಯುದ್ಧವಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅದೇ ಮೈದಾನದಲ್ಲಿ, ಅದೇ ಧ್ವನಿವರ್ಧಕದಲ್ಲಿ, ‘ಯಾರಿಗೂ ಗೊತ್ತಿರಲಿಲ್ಲ’ ಎಂಬ ಮಾತನ್ನು ತಾವು ಹಿಂದಕ್ಕೆ ಪಡೆಯಬೇಕು. ‘ಗೊತ್ತಿತ್ತು, ದರ್ಜಿ ಮಾ ಕ್ವಾಕ್‌ಲಿಂಗ್ ನಮಗೆ ಹೇಳಿದ್ದರು, ನಾವು ಅವರ ಬಾಯಿ ಮುಚ್ಚಿಸಿದೆವು’ ಎಂದು ಹೇಳಬೇಕು. ಅವರ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಬೇಕು. ಬೇಕಿದ್ದರೆ ನಾನು ಹೇಳಿಕೊಡುತ್ತೇನೆ. ಅವರನ್ನು ಎಲ್ಲಿ ಹೂತರೆಂದು ಹುಡುಕಿಸಿಕೊಡಬೇಕು. ಜಗತ್ತಿನ ಯಾವುದೋ ಮೂಲೆಯಲ್ಲಿ ಇನ್ನೊಬ್ಬ ಮೇಷ್ಟರನ್ನು ಮಾತಾಡಿದ ತಪ್ಪಿಗೆ ಒಳಗೆ ಹಾಕಿದ ಸುದ್ದಿ ಬಂದ ದಿನ, ಅದು ದೂರದ್ದು ಎನ್ನದೆ ತಾವು ಎದ್ದು ಕೂರಬೇಕು. ಮತ್ತು ಆ ದಿನ ಹಗ್ಗ ಕಟ್ಟಿಸಬೇಡಿ. ನಾನು ಮುಂದಿನ ಸಾಲಿನಲ್ಲಿ ನಿಂತು ಕೇಳಬೇಕು.

ಇಂತಿ,
ತಮ್ಮ ಕಚೇರಿಯ ಲೆಕ್ಕಕ್ಕೆ ಪರಕೀಯಳೂ, ತಮ್ಮನ್ನು ಒಂದು ಕಾಲಕ್ಕೆ ನಂಬಿದ್ದವಳೂ ಆದ
ಯುಂಗ್ ಸಾವ್‌ಹಾ,
ಕಣಿವೆಯ ಶಿಬಿರ, ರಬೌಲ್