ನೀರಿನ ಲೆಕ್ಕಕ್ಕೆ ಸಿಗದ ಬೀಗ

ಇಲ್ಲದ ಕಟ್ಟಡದ ಮುಖ್ಯಾಧಿಕಾರಿಗಳೇ,

ತೀರಿಹೋದ ನನ್ನ ತಮ್ಮನ ಕೊನೆಯ ಸಂದೇಶವನ್ನು ನೀವು ಓದಿದ್ದೀರಿ, ನಾನು ಓದಿಲ್ಲ. ನನ್ನ ದೂರು ಇಷ್ಟೇ.

ಅಪಘಾತಕ್ಕೆ ಎರಡು ದಿನ ಮೊದಲು ಅವನು ಪಾಸ್‌ವರ್ಡ್ ಹಾಕಿದ ಫೈಲೊಂದನ್ನು ನನಗೆ ಕಳಿಸಿದ್ದ. "ಪಾಸ್‌ವರ್ಡ್ ಮನೆಗ್ ಬಂದು ಹೇಳ್ತೀನಿ, ಫೋನಲ್ಲಿ ಬೇಡ" ಅಂದಿದ್ದ. ಬರಲಿಲ್ಲ. ಊರಾಚೆಯ ನಿಮ್ಮ ಕಟ್ಟಡದಲ್ಲಿ ಇಂಥ ಬೀಗ ಬಿಡಿಸುತ್ತಾರೆಂದು ಕೇಳಿ, ಬಿಡಿಸಿಕೊಡುತ್ತೀರಾ ಎಂದು ನಿಮ್ಮನ್ನು ಅಂಗಲಾಚಿದೆ. "ಅಂತಹ ಕಟ್ಟಡವಾಗಲಿ, ಸಾಮರ್ಥ್ಯವಾಗಲಿ ಇಲಾಖೆಯಲ್ಲಿ ಇರುವುದಿಲ್ಲ" ಎಂದು ಒಂದು ಸಾಲಿನ ಉತ್ತರ ಬಂತು.

ಸ್ವಾಮಿ, ನಾನು ನೀರು ಸರಬರಾಜಿನವಳು. ಇಲ್ಲದ ಆ ಕಟ್ಟಡದ ಮೀಟರನ್ನು ಹನ್ನೊಂದು ವರ್ಷದಿಂದ ಓದುತ್ತಿರುವವಳು ನಾನೇ. ದಿನಕ್ಕೆ ಇಪ್ಪತ್ತು ಲಕ್ಷ ಲೀಟರ್! ಒಳಗೇನು ಆನೆಗಳಿಗೆ ಸ್ನಾನ ಮಾಡಿಸುತ್ತೀರಾ? ಅಷ್ಟು ನೀರು ಆರಿಸುವ ಬಿಸಿ ಎಷ್ಟು, ಅಷ್ಟು ಬಿಸಿ ಕಕ್ಕಲು ಕಂಪ್ಯೂಟರ್ ಯಂತ್ರಗಳೆಷ್ಟು ಎಂದು ಅಡುಗೆಮನೆಯಲ್ಲಿ ಕೂತು ಗುಣಿಸಿದೆ. ಬೀರುವಿನೆತ್ತರದ ನಾಲ್ಕು ಸಾವಿರ ಯಂತ್ರಗಳು. ಅರ್ಧವನ್ನಷ್ಟೇ ಶೇಖರಣೆಗೆ ಬಿಟ್ಟರೂ, ಕೋಟಿ ಜನ ದಿನಕ್ಕೊಂದು ಗಂಟೆ ಫೋನಿನಲ್ಲಿ ಆಡಿದ ಮಾತೆಲ್ಲ ಹದಿನೆಂಟು ವರ್ಷ ಅಲ್ಲಿ ಕೂತಿರುತ್ತದೆ. ಗೋಡೆಗೂ ಕಿವಿ ಇದೆ ಎಂದು ಹಿರಿಯರು ಹೇಳಿದ್ದರು, ನೆನಪೂ ಇದೆ ಎಂದು ಹೇಳಿರಲಿಲ್ಲ. ಬೀಗ ಒಡೆಯುವ ಲೆಕ್ಕ ಮಾತ್ರ ನೀರಿನಿಂದ ಸಿಗಲಿಲ್ಲ. ಪಾಸ್‌ವರ್ಡ್ ಉದ್ದವಿದ್ದರೆ ಎಷ್ಟು ಯಂತ್ರವಿದ್ದರೂ ಯುಗಗಳೇ ಬೇಕಂತೆ. ಹಾಗಾಗಿ ನಿಮ್ಮ ಉತ್ತರದಲ್ಲಿ ಸಾಮರ್ಥ್ಯವಿಲ್ಲ ಎಂಬ ಅರ್ಧವನ್ನು ನಂಬಿದೆ. ಲೆಕ್ಕವನ್ನು ನಿಮಗೇ ಅಂಚೆಯಲ್ಲಿ ಕಳಿಸಿದೆ.

ವಾರದೊಳಗೆ ನಿಮ್ಮವರಿಬ್ಬರು ಮನೆಗೆ ಬಂದರು. "ಇದನ್ನೆಲ್ಲ ಯಾರ್ ಹೇಳ್ಕೊಟ್ರು?" ಅಂದರು. "ಮೀಟರು" ಅಂದೆ. ತಮ್ಮನ ಮಾತು ಬಂದಾಗ ಅಳು ತಡೆಯಲಾಗಲಿಲ್ಲ. ಇಬ್ಬರಲ್ಲಿ ಹಿರಿಯವನಿಗೆ ಕರುಳು ಚುರುಕ್ ಎಂದಿರಬೇಕು.

"ಸಮಾಧಾನ ಮಾಡ್ಕೋಮ್ಮ. 'ಅಮ್ಮಂಗೆ ಮಾತ್ರ ಹೇಳ್ಬೇಡಕ್ಕ' ಅಂತ ಅವ್ನೇ ಬರ್ದಿದ್ದಾನಲ್ಲ, ಅವ್ರ ಮುಂದೆ ಹಿಂಗೆ ಅಳ್ಬಾರ್ದು" ಅಂದ.

ಕಿರಿಯವನು ಗಾಬರಿಯಿಂದ ಅವನ ತೋಳು ಹಿಡಿದ. ಆ ಫೈಲನ್ನು ನಾನು ನಿಮಗೆ ಕೊಟ್ಟೇ ಇರಲಿಲ್ಲ. ಅಮ್ಮ ನನ್ನ ಹಿಂದೆಯೇ ನಿಂತಿದ್ದಳು.

ಅಂದಿನಿಂದ ಅಮ್ಮ ಸರಿಯಾಗಿ ಉಂಡಿಲ್ಲ. "ಏನ್ ಹೇಳ್ಬೇಡ ಅಂದಿದ್ದ? ನಿಂಗೊತ್ತು, ಮುಚ್ಚಿಡ್ತಿದ್ದೀಯ" ಅನ್ನುತ್ತಾಳೆ. ಗೊತ್ತಿಲ್ಲಮ್ಮ ಎಂದರೆ ಮುಖ ತಿರುಗಿಸುತ್ತಾಳೆ. ನಾನು ಫೋನ್ ಎತ್ತಿದಾಗಲೆಲ್ಲ ಆ ಹಿರಿಯ ಮನುಷ್ಯ ಆಚೆ ಉಸಿರು ಬಿಗಿಹಿಡಿದು ಕೂತಿದ್ದಾನೆ ಎನಿಸುತ್ತದೆ. ಭಯವಾಗುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಭಯಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಗುತ್ತದೆ.

ನಿಮ್ಮ ಕಟ್ಟಡ ಇಲ್ಲವೆಂದು ಬೇಕಾದರೆ ನಾನೇ ಮುಚ್ಚಳಿಕೆ ಬರೆದುಕೊಡುತ್ತೇನೆ. ಆ ಮನುಷ್ಯನನ್ನು ಮತ್ತೊಮ್ಮೆ ಕಳಿಸಿ. ತಮ್ಮ ಏನು ಬರೆದಿದ್ದ ಎಂದು ನನ್ನ ಕಿವಿಯಲ್ಲಿ ಹೇಳಿ ಹೋಗಲಿ. ಅಮ್ಮನಿಗೆ ಹೇಳಬೇಕೋ ಬೇಡವೋ ಎಂಬುದು ನಮ್ಮ ಮನೆಯ ವಿಷಯ.

ಇಂತಿ,
ಆ ಸಂದೇಶವನ್ನು ಯಾರಿಗೆಂದು ಬರೆದಿದ್ದನೋ, ಅವಳು