ಚಿಕ್ಕಮ್ಮನ ಜೀವಕೋಶಗಳು

ಹೆರಾಕ್ಲಿಯೋನ್, ಮಂಗಳವಾರ

ನನ್ನ ಎವಾಂಥಿಯಾ ಚಿಕ್ಕಮ್ಮನಿಗೆ,

ಈ ಕಾರ್ಡನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಹೋದ ವರ್ಷ ನಿನ್ನ ತೋಳಿನಿಂದ ತೆಗೆದ ಚೂರು ಚರ್ಮದ ಜೀವಕೋಶಗಳನ್ನು ಇಲ್ಲಿ ಲ್ಯಾಬಿನಲ್ಲಿ ಬೆಳೆಸುತ್ತಿದ್ದೆನಲ್ಲ, ಅವುಗಳಲ್ಲಿ ಪ್ರೊಹಿಬಿಟಿನ್ ಎಂಬ ಪ್ರೋಟೀನು ತೀರಾ ಕಡಿಮೆಯಿತ್ತು. ಅದಿಲ್ಲದೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಒಳಮಡಿಕೆಗಳೆಲ್ಲ ಕುಸಿದುಹೋಗಿದ್ದವು. ನಾನು ಆ ಪ್ರೋಟೀನನ್ನು ಕೋಶಗಳಿಗೆ ಮರಳಿ ಕೊಟ್ಟೆ. ಇವತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಇಸ್ತ್ರಿ ಮಾಡಿದ ಲಂಗದ ನೆರಿಗೆಗಳಂತೆ ಮಡಿಕೆಗಳೆಲ್ಲ ಸಾಲಾಗಿ ಎದ್ದು ನಿಂತಿವೆ!

ಯಾವುದನ್ನೂ ಸುಲಭಕ್ಕೆ ನಂಬದ ನಮ್ಮ ಪ್ರೊಫೆಸರ್ ಮೂರು ಸಲ ನೋಡಿದರು. "ಏನೇ ದೆಸ್ಪಿನಾ, ಆರೋಗ್ಯವಂತರ ಕೋಶಗಳ ತಟ್ಟೆ ಜೊತೆ ಅದಲುಬದಲು ಮಾಡಿಲ್ಲ ತಾನೇ?"

"ಚೀಟಿ ಅಂಟಿಸಿದೀನಿ, ನೀವೇ ಓದ್ಕೊಳ್ಳಿ ಮೇಡಂ."

ಓದಿದವರೇ ಕನ್ನಡಕ ತೆಗೆದು, "ಗೆದ್ವಿ ಕಣ್ರೋ!" ಎಂದು ಇಡೀ ಲ್ಯಾಬಿಗೆ ಕೇಳುವಂತೆ ಕೂಗಿದರು.

ಇದು ಇನ್ನೂ ಔಷಧವಾಗಿಲ್ಲ, ವರ್ಷಗಳೇ ಬೇಕು. ಅಲ್ಲಿಯವರೆಗೆ ಊರುಗೋಲು ಬಿಡಬೇಡ, ಮಾತ್ರೆ ತಪ್ಪಿಸಬೇಡ.

ಮೂವತ್ತು ವರ್ಷದಿಂದ ಚಿಕ್ಕಪ್ಪ ನಿನ್ನನ್ನು ಮೈಗಳ್ಳಿ ಎಂದು ಹಂಗಿಸುತ್ತಿದ್ದಾರಲ್ಲ, ಈ ಕಾರ್ಡನ್ನು ಅವರ ಕೈಗೇ ಕೊಟ್ಟು, ಕಾಫಿ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿಸು: ಎವಾಂಥಿಯಾಳದು ಕಾಯಿಲೆ, ಸೋಮಾರಿತನವಲ್ಲ. ಕಣ್ಣಾರೆ ನೋಡಿದ್ದೇನೆ.

ನಿನ್ನ ದೆಸ್ಪಿನಾ